ಉಸಿರು ಸರಾಗವಾಯಿತೆಂದು ಇನ್‌ಹೇಲರ್ ನಿಲ್ಲಿಸಬೇಡಿ

ದೀಪಾವಳಿ ಕಳೆದು ಚಳಿ ಬಿದ್ದರೆ ಮಂಡ್ಯದ ನನ್ನ ಕ್ಲಿನಿಕ್ಕಿನಲ್ಲಿ ಒಂದೇ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: "ಚೆನ್ನಾಗಿಯೇ ಇದ್ದೆ ಸಾರ್, ಅದಕ್ಕೇ ನಿಲ್ಲಿಸಿದೆ." ನಿಲ್ಲಿಸಿರುವುದು ಉಬ್ಬಸ ಬಾರದಂತೆ ದಿನವೂ ಸೇದಬೇಕಾದ ಇನ್‌ಹೇಲರನ್ನು. ನೀಲಿ ಬಣ್ಣದ್ದು ಮಾತ್ರ ಜೇಬಿನಲ್ಲಿ ಭದ್ರವಾಗಿರುತ್ತದೆ.

ನೀಲಿಯದರ ಮೇಲಿನ ನಂಬಿಕೆ ನನಗೆ ಅರ್ಥವಾಗುತ್ತದೆ. ಅದರಲ್ಲಿರುವ ಸಾಲ್ಬುಟಮಾಲ್ ಶ್ವಾಸನಾಳದ ಸುತ್ತ ಬಿಗಿದುಕೊಂಡ ಸ್ನಾಯುವನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ. ಆದರೆ 4ರಿಂದ 6 ಗಂಟೆಯಲ್ಲಿ ಅದರ ಕೆಲಸ ಮುಗಿಯುತ್ತದೆ. ನಾಳದ ಒಳಗಿನ ಊತವನ್ನು ಅದು ಮುಟ್ಟುವುದೇ ಇಲ್ಲ, ಕಾಯಿಲೆ ಇರುವುದು ಆ ಊತದಲ್ಲಿ. ಅದನ್ನು ಇಳಿಸುವುದು ಬುಡೆಸೊನೈಡ್, ಫ್ಲುಟಿಕಾಸೋನ್‌ನಂಥ ಸ್ಟೀರಾಯ್ಡ್ ಔಷಧಿ, ಅದೂ ವಾರಗಟ್ಟಲೆ ಬಿಡದೆ ಸೇದಿದರೆ. ಸೇದಿದ ಕೂಡಲೇ ಏನೂ ಅನ್ನಿಸದಿರುವುದರಿಂದ ಕೆಲವರು ಇದು ಉಪಯೋಗವಿಲ್ಲ ಎಂದು ಬಿಡುತ್ತಾರೆ. ತಿಂಗಳು ಕಳೆದು ರಾತ್ರಿಯ ಕೆಮ್ಮು ನಿಂತರೆ ಉಳಿದವರು ವಾಸಿಯಾಯಿತು ಎಂದು ಬಿಡುತ್ತಾರೆ. ಕೆಮ್ಮು ನಿಂತಿರುವುದೇ ಆ ಔಷಧಿಯಿಂದ! ಭತ್ತ ಹಸಿರಾಯಿತೆಂದು ಯಾವ ರೈತರಾದರೂ ತೂಬು ಮುಚ್ಚುತ್ತಾರೆಯೇ ಎಂದು ಕೇಳುತ್ತೇನೆ. ತಲೆಯಾಡಿಸುತ್ತಾರೆ, ಆದರೂ ಮುಂದಿನ ಚಳಿಗೆ ಏದುಸಿರು ಬಿಡುತ್ತ ಬರುತ್ತಾರೆ.

ಪಾಂಡವಪುರದ ಕಡೆಯ ಆಲೆಮನೆಯಲ್ಲಿ ಒಲೆಗೆ ಕಬ್ಬಿನ ಒಣಸಿಪ್ಪೆ ಹಾಕುವ ಒಬ್ಬರಿದ್ದಾರೆ. ಹೊಗೆಯಿಂದ ದೂರವಿರಿ ಎಂದು ಹೇಳುವುದು ಸುಲಭ, ಅವರ ಕೂಲಿ ಇರುವುದೇ ಆ ಒಲೆಯ ಮುಂದೆ. ದಿನದ ಇನ್‌ಹೇಲರ್ ಬಿಟ್ಟು ತಿಂಗಳಿಗೊಂದು ನೀಲಿಯದನ್ನು ಖಾಲಿ ಮಾಡುತ್ತಿದ್ದರು. ಒಂದರಲ್ಲಿ ಸಾಮಾನ್ಯವಾಗಿ 200 ಸಲ ಸೇದುವಷ್ಟು ಔಷಧಿ ಇರುತ್ತದೆ. ವರ್ಷಕ್ಕೆ 3 ಖಾಲಿಯಾದರೇ ತೀವ್ರ ಉಬ್ಬಸದ ಅಪಾಯ ಏರುತ್ತದೆ, 12 ಮುಟ್ಟಿದರೆ ಜೀವಕ್ಕೇ ಅಪಾಯ ಹೆಚ್ಚು. ಈಗ ಅವರ ಹೆಂಡತಿ ದಿನದ ಇನ್‌ಹೇಲರನ್ನು ಹಲ್ಲುಜ್ಜುವ ಬ್ರಷ್ಷಿನ ಪಕ್ಕದಲ್ಲಿಡುತ್ತಾರೆ. ಸೇದಿದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಲೇಬೇಕಾದ್ದರಿಂದ ಅದೇ ಸರಿಯಾದ ಜಾಗ. ಆ ತಾಯಿಯ ಜಾಣತನ ನನ್ನ ಉಪದೇಶಕ್ಕಿಂತ ಹೆಚ್ಚು ಕೆಲಸ ಮಾಡಿತು.

ಜಾಗತಿಕ ಅಸ್ತಮಾ ಮಾರ್ಗಸೂಚಿ ಗಿನಾ ಕೂಡ 2019ರಿಂದ ಈಚೆಗೆ ವಯಸ್ಕರಿಗೂ ಹದಿಹರೆಯದವರಿಗೂ ಬರೀ ಸಾಲ್ಬುಟಮಾಲ್ ನೆಚ್ಚಿಕೊಂಡ ಚಿಕಿತ್ಸೆಯನ್ನು ಒಪ್ಪುವುದಿಲ್ಲ.

ದಿನದ ಇನ್‌ಹೇಲರಿನಲ್ಲಿ ಸ್ಟೀರಾಯ್ಡ್ ಇದೆ ಎಂಬ ಭಯ ಇನ್ನೊಂದು. ಇನ್‌ಹೇಲರಿನ ಒಂದು ಸೇದಿಕೆಯಲ್ಲಿ ಹೆಚ್ಚಾಗಿ 100 ಅಥವಾ 200 ಮೈಕ್ರೋಗ್ರಾಂ ಇರುತ್ತದೆ. ಉಬ್ಬಸ ಕೆರಳಿದಾಗ ನುಂಗಬೇಕಾಗುವ 5 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯಲ್ಲಿ 5000 ಮೈಕ್ರೋಗ್ರಾಂ. ಎರಡೂ ಬೇರೆ ಔಷಧಿಗಳು, ನೇರ ಹೋಲಿಕೆ ಸಲ್ಲದು. ಆದರೂ ಚಿಕ್ಕದಕ್ಕೆ ಹೆದರಿ ದೊಡ್ಡದನ್ನು ಮೈಮೇಲೆ ಎಳೆದುಕೊಳ್ಳುವುದನ್ನು ಕಂಡರೆ ಸಂಕಟವಾಗುತ್ತದೆ. ಗಂಡಿನ ಕಡೆಯವರು ನೋಡಿಬಿಟ್ಟಾರೆಂದು ಮಗಳ ಇನ್‌ಹೇಲರನ್ನು ಬೀರುವಿನಲ್ಲಿ ಬಚ್ಚಿಡುವ ತಾಯಂದಿರಿಗೂ ಹೇಳುತ್ತೇನೆ: ಹುಡುಗಿ ಉಸಿರಾಡಲಿ ಅಮ್ಮ, ಸಂಬಂಧ ಆಮೇಲೆ.

ಊತ ಇಳಿಸುವ ಔಷಧಿಗೆ, ನಾಳವನ್ನು ಬೇಗ ಸಡಿಲಿಸುವ ಫಾರ್ಮೊಟೆರಾಲ್ ಬೆರೆತ ಒಂದೇ ಇನ್‌ಹೇಲರ್ ಕೆಲವರಿಗೆ ಎರಡೂ ಕೆಲಸಕ್ಕೆ ಆಗುತ್ತದೆ. ನಿಮ್ಮದು ಯಾವುದೆಂದು ನಿಮ್ಮ ವೈದ್ಯರನ್ನೇ ಕೇಳಿ, ಬಣ್ಣ ನೋಡಿ ಊಹಿಸಬೇಡಿ. ಎರಡು ಮೂರು ತಿಂಗಳು ಉಬ್ಬಸ ಹತೋಟಿಯಲ್ಲಿದ್ದರೆ ಪ್ರಮಾಣವನ್ನು ನಾವೇ ಇಳಿಸುತ್ತೇವೆ. ನೀಲಿ ಇನ್‌ಹೇಲರ್ ಸೇದಿಯೂ ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಗಟ್ಟಿದರೆ, ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ.