ಸತ್ತರೆ ಕಾಯಬೇಕು, ಬಂದೂಕು ಬೇಕಾದರೆ ದುಡಿಯಬೇಕು: ಕೌಂಟರ್-ಸ್ಟ್ರೈಕ್ ಬೇರೆಯಾಗಿ ಉಳಿದ ಬಗೆ

1999ರ ಕೊನೆಯಲ್ಲಿ ಶೂಟರ್ ಗೇಮ್‌ಗಳ ಪೈಕಿ ಎಲ್ಲರ ಬಾಯಲ್ಲೂ ಇದ್ದದ್ದು ಎರಡು ಹೆಸರು: ಅನ್‌ರಿಯಲ್ ಟೂರ್ನಮೆಂಟ್ ಮತ್ತು ಕ್ವೇಕ್ 3 ಅರೀನಾ. ಎರಡರ ಲಯವೂ ಒಂದೇ. ಓಡು, ದಾರಿಯಲ್ಲಿ ಸಿಕ್ಕ ಬಂದೂಕು ಎತ್ತಿಕೋ, ಹೊಡೆ, ಸತ್ತರೆ ಮರುಕ್ಷಣ ಎದ್ದು ಮತ್ತೆ ಓಡು. ಅದೇ ವರ್ಷ ಜೂನ್‌ನಲ್ಲಿ ಮಿನ್ ಲೇ, ಜೆಸ್ ಕ್ಲಿಫ್ ಎಂಬ ಇಬ್ಬರು ವಿದ್ಯಾರ್ಥಿಗಳು, ವಾಲ್ವ್ ಕಂಪನಿಯ ಹಾಫ್-ಲೈಫ್ ಗೇಮನ್ನು ಬದಲಾಯಿಸಿ ಕಟ್ಟಿದ ಒಂದು ಮಾಡ್ ಅನ್ನು ಉಚಿತವಾಗಿ ಹೊರಬಿಟ್ಟಿದ್ದರು. ಅದರ ಹೆಸರು ಕೌಂಟರ್-ಸ್ಟ್ರೈಕ್. ಮುಂದಿನ ವರ್ಷ ವಾಲ್ವ್ ಅದನ್ನು ತನ್ನದಾಗಿಸಿಕೊಂಡಿತು. 2000ದ ನವೆಂಬರ್‌ನಲ್ಲಿ ಅದು ಅಂಗಡಿಗೆ ಬಂತು.

ಆಗ ಅದರಲ್ಲಿದ್ದ ಎರಡು ನಿಯಮಗಳೇ ಇವತ್ತಿಗೂ ಅದನ್ನು ಪ್ರತಿಸ್ಪರ್ಧಿಗಳಿಂದ ಬೇರೆಯಾಗಿ ನಿಲ್ಲಿಸಿವೆ ಎಂಬುದು ನನ್ನ ಗಟ್ಟಿ ನಂಬಿಕೆ. ಒಂದು, ಸತ್ತವನು ಆ ರೌಂಡ್ ಮುಗಿಯುವವರೆಗೆ ಎದ್ದು ಬರುವ ಹಾಗಿಲ್ಲ. ಎರಡು, ಬಂದೂಕನ್ನು ಆಟದಲ್ಲೇ ಗಳಿಸಿದ ಹಣ ಕೊಟ್ಟು ಕೊಳ್ಳಬೇಕು.

ಇದರ ಪರಿಣಾಮ ಗೊತ್ತಾಗಬೇಕಾದರೆ ಒಂದು ಪಂದ್ಯದ ಲೆಕ್ಕ ನೋಡಬೇಕು. ಐದೈದು ಜನರ ಎರಡು ತಂಡ. ಮೊದಲ ರೌಂಡ್‌ಗೆ ಹತ್ತೂ ಜನರ ಕೈಯಲ್ಲಿ 800 ಡಾಲರ್. ಪಿಸ್ತೂಲು ಬಿಟ್ಟು ಹೆಚ್ಚೇನೂ ಬರುವುದಿಲ್ಲ. ಎಕೆ-47ಗೆ 2,700, ದೂರದಿಂದ ಒಂದೇ ಗುಂಡಿಗೆ ಕೆಡವುವ ಎಡಬ್ಲ್ಯೂಪಿಗೆ 4,750. ಗೆದ್ದ ತಂಡದ ಒಬ್ಬೊಬ್ಬರಿಗೂ ಮೂರು ಸಾವಿರದ ಮೇಲೆ ಸಿಗುತ್ತದೆ. ಸೋತವರಿಗೂ ಸಿಗುತ್ತದೆ, ಸೋಲು ಮುಂದುವರಿದಷ್ಟೂ 3,400ರವರೆಗೆ ಏರುತ್ತದೆ. ಹಾಗಾಗಿ ಸೋಲುತ್ತಿರುವ ತಂಡ ಒಂದು ರೌಂಡನ್ನು ಬೇಕೆಂದೇ ಬರಿಗೈಯಲ್ಲಿ ಆಡಿ, ಹಣ ಕೂಡಿಟ್ಟು, ಮುಂದಿನದಕ್ಕೆ ಎಲ್ಲರೂ ಸೇರಿ ಒಳ್ಳೆಯ ಬಂದೂಕು ಹಿಡಿದು ಬರುತ್ತದೆ. ಆಟಗಾರರು ಇದನ್ನು ‘ಇಕೋ’ ಅನ್ನುತ್ತಾರೆ. ಗೆಲ್ಲುವ ದಾರಿ ಕಾಣದಿದ್ದಾಗ ಮೂಲೆಯಲ್ಲಿ ಅಡಗಿ ಕೈಯಲ್ಲಿರುವ ಎಡಬ್ಲ್ಯೂಪಿಯನ್ನು ಮುಂದಿನ ರೌಂಡಿಗೆ ಉಳಿಸಿಕೊಳ್ಳುವುದೂ ಇಲ್ಲಿ ಒಪ್ಪಿತವಾದ ತಂತ್ರವೇ.

ಭಯೋತ್ಪಾದಕರ ತಂಡ ಬಾಂಬ್ ಇಡಬೇಕು, ಎದುರು ತಂಡ ಅದನ್ನು ತಡೆಯಬೇಕು. ಬಾಂಬ್ ಇಟ್ಟ ಮೇಲೆ ಸಿಡಿಯಲು 40 ಸೆಕೆಂಡು. ನಿಷ್ಕ್ರಿಯಗೊಳಿಸಲು 10 ಸೆಕೆಂಡು. 400 ಡಾಲರಿನ ಕಿಟ್ ಕೊಂಡಿದ್ದರೆ 5. ಎಂಟು ಸೆಕೆಂಡು ಉಳಿದಿರುವಾಗ ಬಾಂಬಿನ ಬಳಿ ತಲುಪಿದವನ ಭವಿಷ್ಯ, ರೌಂಡಿನ ಆರಂಭದಲ್ಲಿ ಅವನು ಆ 400 ಖರ್ಚು ಮಾಡಿದ್ದನೇ ಇಲ್ಲವೇ ಎಂಬುದರ ಮೇಲೆ ನಿಂತಿರುತ್ತದೆ. ಸತ್ತ ನಾಲ್ವರು ಜೊತೆಗಾರರು ಉಸಿರು ಬಿಗಿಹಿಡಿದು ಅವನ ಪರದೆಯನ್ನೇ ನೋಡುತ್ತಿರುತ್ತಾರೆ. ಮರುಹುಟ್ಟು ಇರುವ ಯಾವ ಆಟದಲ್ಲೂ ಈ ಒತ್ತಡ ನನಗೆ ಸಿಕ್ಕಿಲ್ಲ.

2007ರಲ್ಲಿ ಬಂದ ಕಾಲ್ ಆಫ್ ಡ್ಯೂಟಿ 4 ಬೇರೆ ದಾರಿ ಹಿಡಿಯಿತು. ಆಡುತ್ತಾ ಹೋದಂತೆ ಮಟ್ಟ ಏರುತ್ತದೆ, ಹೊಸ ಬಂದೂಕುಗಳು, ವಿಶೇಷ ಶಕ್ತಿಗಳು ಕೈಗೆ ಬರುತ್ತವೆ. ತಿಂಗಳುಗಟ್ಟಲೆ ಆಡಿದವನ ಮುಂದೆ ಹೊಸಬ ಕಡಿಮೆ ಸರಕಿನೊಂದಿಗೆ ನಿಲ್ಲಬೇಕು. 2015ರ ರೇನ್‌ಬೋ ಸಿಕ್ಸ್ ಸೀಜ್ ರೌಂಡಿನೊಳಗೆ ಮರುಹುಟ್ಟಿಲ್ಲ ಎಂಬುದನ್ನು ಉಳಿಸಿಕೊಂಡಿತು, ಆದರೆ ಒಬ್ಬೊಬ್ಬರಿಗೆ ಒಂದೊಂದು ಉಪಕರಣ ಕೊಟ್ಟಿತು. 2016ರ ಓವರ್‌ವಾಚ್ ಪೂರ್ತಿ ತಮ್ಮ ತಮ್ಮದೇ ಶಕ್ತಿಗಳಿರುವ ಹೀರೋಗಳ ಆಟ. 2017ರ ಪಬ್‌ಜಿಯಲ್ಲಿ ಇಳಿದ ಮನೆಯಲ್ಲಿ ಏನು ಸಿಗುತ್ತದೆ ಎಂಬುದಕ್ಕೆ ಅದೃಷ್ಟವೂ ಬೇಕು. ತೀರಾ ಹತ್ತಿರ ಬಂದದ್ದು 2020ರ ವ್ಯಾಲರೆಂಟ್: ಹಣ, ರೌಂಡ್, ಬಾಂಬ್, ಆರಂಭದ 800 ಕೂಡ ಅದೇ, ಮೇಲೆ ಪಾತ್ರಗಳ ಮಾಂತ್ರಿಕ ಶಕ್ತಿಗಳು. ಕೌಂಟರ್-ಸ್ಟ್ರೈಕ್‌ನಲ್ಲಿ ಹತ್ತು ಸಾವಿರ ಗಂಟೆ ಆಡಿದವನಿಗೂ ಇಂದು ಶುರು ಮಾಡಿದವನಿಗೂ ಸಿಗುವ ಎಕೆ ಒಂದೇ. ಟ್ರಿಗರ್ ಒತ್ತಿ ಹಿಡಿದರೆ ಅದು ಮೇಲಕ್ಕೆ ಹಾರಿ ಆಮೇಲೆ ಅಕ್ಕಪಕ್ಕ ವಾಲುವ ಕ್ರಮವೂ ಬಹುಮಟ್ಟಿಗೆ ನಿಗದಿತ. ಮೌಸ್ ಹಿಡಿದ ಕೈ ಆ ಕ್ರಮವನ್ನು ಕಲಿತಿದೆಯೇ ಎಂಬುದಷ್ಟೇ ವ್ಯತ್ಯಾಸ.

ನಮ್ಮಲ್ಲಿ ಇದು ಬೇರೂರಿದ್ದಕ್ಕೆ ಇನ್ನೊಂದು ಕಾರಣವಿದೆ. 2003ರ 1.6 ಆವೃತ್ತಿ ಹಳೆಯ ಕಂಪ್ಯೂಟರಿನಲ್ಲೂ ಓಡುತ್ತಿತ್ತು, ಲ್ಯಾನ್ ಕೇಬಲ್ ಇದ್ದರೆ ಇಂಟರ್ನೆಟ್ ಬೇಕಿರಲಿಲ್ಲ. ಬೆಂಗಳೂರಿನ ಗೇಮಿಂಗ್ ಸೆಂಟರ್‌ಗಳಲ್ಲಿ, ಎಂಜಿನಿಯರಿಂಗ್ ಹಾಸ್ಟೆಲ್‌ಗಳಲ್ಲಿ, ಕಾಲೇಜು ಫೆಸ್ಟ್‌ಗಳಲ್ಲಿ ‘ಸಿಎಸ್’ ಅಂದರೆ ಸಾಕಿತ್ತು. ಡೇವ್ ಜಾನ್‌ಸ್ಟನ್ 2001ರಲ್ಲಿ ಕಟ್ಟಿದ ಡಸ್ಟ್ 2 ಎಂಬ ಮ್ಯಾಪಿನ, ಅಂದರೆ ಆಟದ ಅಖಾಡದ, ಸಂದುಗೊಂದುಗಳು ಆ ಪೀಳಿಗೆಗೆ ಬಾಯಿಪಾಠ.

ಎಲ್ಲರಿಗೂ ಒಂದೇ ಬಂದೂಕು ಎಂದು ಕಾಪಾಡಿಕೊಂಡ ಸಮಾನತೆಯ ಹೊರಗೆ, 2013ರ ಆಗಸ್ಟ್‌ನಲ್ಲಿ ಬೇರೊಂದು ವ್ಯಾಪಾರ ಶುರುವಾಯಿತು. ಬಂದೂಕಿಗೆ ಬಣ್ಣ ಬಳಿಯುವ ‘ಸ್ಕಿನ್’ಗಳು ಬಂದವು. ಅವುಗಳಿಂದ ಗುಂಡಿನ ಬಲ ಒಂದಿಷ್ಟೂ ಹೆಚ್ಚುವುದಿಲ್ಲ. ಅಷ್ಟರಮಟ್ಟಿಗೆ ವಾಲ್ವ್ ನಿಯತ್ತಾಗಿ ನಡೆದುಕೊಂಡಿದೆ. ಈ ವ್ಯಾಪಾರದಿಂದ ಬಂದ ಹಣ ಅದೇ ನವೆಂಬರ್‌ನಲ್ಲಿ ಸ್ವೀಡನ್ನಿನಲ್ಲಿ ನಡೆದ, ‘ಮೇಜರ್’ ಎಂದು ಕರೆಯುವ ದೊಡ್ಡ ಟೂರ್ನಿಗಳಲ್ಲಿ ಮೊದಲನೆಯದಕ್ಕೆ ಎರಡೂವರೆ ಲಕ್ಷ ಡಾಲರ್ ಬಹುಮಾನವನ್ನೂ ಒದಗಿಸಿತು. ಆದರೆ ಸ್ಕಿನ್ ಸಿಗುವುದು ‘ಕೇಸ್’ ಎಂಬ ಮುಚ್ಚಿದ ಪೆಟ್ಟಿಗೆಯಲ್ಲಿ, ಕೀಲಿಗೆ ನಿಜವಾದ ದುಡ್ಡು, ಒಳಗೇನಿದೆ ಎಂಬುದು ಅದೃಷ್ಟ. ಸ್ಕಿನ್‌ಗಳನ್ನೇ ಪಣಕ್ಕಿಡುವ ಜೂಜಿನ ತಾಣಗಳು ಹುಟ್ಟಿಕೊಂಡು, ಹದಿಹರೆಯದ ಹುಡುಗರೂ ಅದರಲ್ಲಿ ಸಿಕ್ಕಿಬಿದ್ದರು. 2016ರಲ್ಲಿ ವಾಲ್ವ್ ಅಂಥ ತಾಣಗಳಿಗೆ ನೋಟಿಸ್ ಕಳಿಸಿತು; ಕೇಸ್‌ಗಳ ಕೀಲಿ ಮಾರಾಟವನ್ನು ಮಾತ್ರ ನಿಲ್ಲಿಸಲಿಲ್ಲ. 2018ರಲ್ಲಿ ಬೆಲ್ಜಿಯಂ ಇಂಥ ಪೆಟ್ಟಿಗೆಗಳು ಜೂಜು ಎಂದು ತೀರ್ಮಾನಿಸಿತು. ಫ್ರಾನ್ಸ್‌ನಲ್ಲಿ 2019ರಿಂದ ಕೊಳ್ಳುವ ಮೊದಲೇ ಒಳಗಿನದನ್ನು ತೋರಿಸುವ ವ್ಯವಸ್ಥೆ ಬಂತು. 2023ರಲ್ಲಿ ಕೌಂಟರ್-ಸ್ಟ್ರೈಕ್ 2 ಬಂದಾಗ ಗುಂಡು ಹಾರಿದರೆ ಹೊಗೆ ಸೀಳಿಕೊಳ್ಳುವಷ್ಟು ತಂತ್ರಜ್ಞಾನ ಹೊಸದಾಯಿತು, ಕೇಸ್ ಮತ್ತು ಕೀಲಿ ಹಳೆಯದರಂತೆಯೇ ಮುಂದುವರಿದವು. ಫ್ರಾನ್ಸ್‌ನವರಿಗೆ ತೋರಿಸುವುದನ್ನು ಭಾರತದ ಹುಡುಗರಿಗೂ ತೋರಿಸಲು ವಾಲ್ವ್‌ಗೆ ಯಾವ ತಾಂತ್ರಿಕ ಅಡ್ಡಿಯೂ ಇಲ್ಲ, ಕೂಡಲೇ ತೋರಿಸಬೇಕು.