ಮೂಲೆಯ ಬೆಂಕಿ: ಮನೆಯ ಸ್ಪ್ರಿಂಕ್ಲರ್ ಪರೀಕ್ಷೆಯನ್ನು ಓದುವ ಬಗೆ

ಅಗ್ನಿ ಸುರಕ್ಷತೆಯನ್ನು ಹೊಸದಾಗಿ ಓದುವವರು ಸ್ಪ್ರಿಂಕ್ಲರ್ (ಬೆಂಕಿಯ ಬಿಸಿಗೆ ತಾನೇ ತೆರೆದುಕೊಂಡು ಚಾವಣಿಯಿಂದ ನೀರು ಚಿಮ್ಮಿಸುವ ಸಾಧನ) ಪರೀಕ್ಷೆ ಎಂದೊಡನೆ ಬೆಂಕಿ ಆರಿತೋ ಇಲ್ಲವೋ ಎಂದು ಕೇಳುತ್ತಾರೆ; ಮೊದಲ ವಾರ ನಾನೂ ಹಾಗೆಯೇ ಕೇಳಿದ್ದೆ. ಮನೆಬಳಕೆಯ ಸ್ಪ್ರಿಂಕ್ಲರುಗಳಿಗಾಗಿ ಅಮೆರಿಕದಲ್ಲಿ ರೂಪಿಸಿದ ಯುಎಲ್ 1626 ಮಾನಕ ಕೇಳುವುದು ಬೇರೆ: ಕೋಣೆಯಲ್ಲಿದ್ದ ಮನುಷ್ಯ ಉಸಿರಾಡುತ್ತ ಹೊರಗೆ ಬರಬಲ್ಲನೇ? ಆದ್ದರಿಂದ ನೆಲದಿಂದ ಸುಮಾರು 1.6 ಮೀಟರ್ ಮೇಲೆ, ಅಂದರೆ ನಿಂತವರ ಮೂಗಿನ ಮಟ್ಟದಲ್ಲಿ, ಉಷ್ಣತೆ ಅಳೆಯುವ ತಂತಿಯಾದ ಥರ್ಮೋಕಪಲ್ ತೂಗುಹಾಕುತ್ತಾರೆ. ಅಲ್ಲಿ ಉಷ್ಣತೆ 93 ಡಿಗ್ರಿ ಸೆಲ್ಸಿಯಸ್ ದಾಟಬಾರದು, 54 ಡಿಗ್ರಿಗಿಂತ ಮೇಲೆ ಸತತವಾಗಿ 2 ನಿಮಿಷಕ್ಕಿಂತ ಹೆಚ್ಚು ನಿಲ್ಲಬಾರದು. ಚಾವಣಿಯ ಕೆಳಗೆ ಮೂರು ಅಂಗುಲದಲ್ಲಿ 316 ಡಿಗ್ರಿ ಮೀರಬಾರದು, ಎರಡಕ್ಕಿಂತ ಹೆಚ್ಚು ತಲೆಗಳು (ನೀರು ಚಿಮ್ಮುವ ಸ್ಪ್ರಿಂಕ್ಲರ್ ಬಾಯಿಗಳು) ತೆರೆದುಕೊಳ್ಳಬಾರದು.

ಉರಿಸುವುದು ನಿಜವಾದ ಸೋಫಾವನ್ನಲ್ಲ, ಅದರ ಅಣಕವನ್ನು. ಒಂದೇ ಅಂಗಡಿಯಿಂದ ತಂದ ಎರಡು ಸೋಫಾಗಳು ಕೂಡ ಒಂದೇ ರೀತಿ ಉರಿಯುವುದಿಲ್ಲವಾದ್ದರಿಂದ, ಅಳತೆಗೆ ಕತ್ತರಿಸಿದ ಫೋಮ್ ಹಾಳೆಗಳನ್ನು ಪ್ಲೈವುಡ್ಡಿಗೆ ಅಂಟಿಸಿ ನಿಲ್ಲಿಸುತ್ತಾರೆ. ಪಕ್ಕದಲ್ಲಿ ಅಡ್ಡಡ್ಡ ಜೋಡಿಸಿದ ಮರದ ತುಂಡುಗಳ ಅಟ್ಟಣೆ, ಅದರಡಿ ಬೇಗ ಹೊತ್ತುವ ಇಂಧನವಾದ ಹೆಪ್ಟೇನ್ ಸುರಿದ ತಟ್ಟೆ. ಇದೆಲ್ಲವೂ ಪ್ಲೈವುಡ್ ಹೊದಿಸಿದ ಮೂಲೆಯಲ್ಲಿರುತ್ತದೆ. ಎರಡು ಗೋಡೆಗಳು ಅಡ್ಡ ನಿಂತಾಗ ಏರುವ ಬಿಸಿಗಾಳಿಯೊಳಗೆ ಅಕ್ಕಪಕ್ಕದ ತಂಪು ಗಾಳಿ ಕಡಿಮೆ ಬೆರೆಯುವುದರಿಂದ ಜ್ವಾಲೆ ಉದ್ದವಾಗುತ್ತದೆ, ಚಾವಣಿಗೆ ಬೇಗ ಮುಟ್ಟುತ್ತದೆ. ಹಾಗಾಗಿ ಪರೀಕ್ಷಕರು ಕಠಿಣವಾದ ಜಾಗವನ್ನೇ ಆರಿಸಿಕೊಂಡಿದ್ದಾರೆ.

ತಲೆ ಎಷ್ಟು ಬೇಗ ಎಚ್ಚರಗೊಳ್ಳುತ್ತದೆ ಎಂಬುದೇ ಅರ್ಧ ಫಲಿತಾಂಶ. ತಲೆಯಲ್ಲಿ ನೀರನ್ನು ತಡೆದಿಟ್ಟಿರುವುದು ಒಂದು ಗಾಜಿನ ಬಲ್ಬ್, ಅದು ಒಡೆದರೆ ನೀರು ಬೀಳುತ್ತದೆ. ಕೆಂಪು ದ್ರವದ ಬಲ್ಬ್ 68 ಡಿಗ್ರಿಗೆ ಒಡೆಯುವಂಥದ್ದು, ಹಳದಿಯದು 79ಕ್ಕೆ. ಶಿವಮೊಗ್ಗದ ಗುಜರಿಯಲ್ಲಿ ಸಿಕ್ಕ ಒಂದು ಕೆಂಪು ಬಲ್ಬನ್ನು ಚಿಕ್ಕ ಪಾತ್ರೆಯ ನೀರಿನಲ್ಲಿಟ್ಟು ನಿಧಾನವಾಗಿ ಕಾಯಿಸಿ ನೋಡಿದೆ (ಕಣ್ಣಿಗೆ ಕನ್ನಡಕ ಹಾಕಿಕೊಂಡೇ). ಒಳಗಿನ ಗಾಳಿಗುಳ್ಳೆ ಸಾಸಿವೆಯಷ್ಟಾಗಿ, ಆಮೇಲೆ ಕಾಣದಾಯಿತು. ದ್ರವಕ್ಕೆ ಹಿಗ್ಗಲು ಜಾಗ ಉಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಟಪ್ಪೆಂದು ಗಾಜು ಸಿಡಿಯಿತು. ಆದರೆ ನಿಧಾನವಾಗಿ ಕಾಯುವ ನೀರು ಒಡೆಯುವ ಉಷ್ಣತೆಯನ್ನಷ್ಟೇ ತೋರಿಸುತ್ತದೆ, ವೇಗವನ್ನಲ್ಲ. ಬಿಸಿಗಾಳಿಯಲ್ಲಿ ತೆಳ್ಳನೆಯ ಬಲ್ಬ್ ಬೇಗ ಕಾಯುತ್ತದೆ, ದಪ್ಪನೆಯದು ಹಿಂದೆ ಬೀಳುತ್ತದೆ. ಪ್ರತಿಕ್ರಿಯಾ ಸಮಯ ಸೂಚ್ಯಂಕ ಅಳೆಯುವುದು ಈ ಹಿನ್ನಡೆಯನ್ನು, ತ್ವರಿತ ತಲೆಗಳಲ್ಲಿ ಅದು 50ಕ್ಕಿಂತ ಹೆಚ್ಚಿರುವಂತಿಲ್ಲ. ಚಾವಣಿಯ ಬಿಸಿಪದರ ಸುಮಾರು 600 ಡಿಗ್ರಿ ಮುಟ್ಟಿದರೆ ಕೋಣೆಯ ಸಾಮಾನೆಲ್ಲ ಒಟ್ಟಿಗೆ ಹೊತ್ತಿಕೊಳ್ಳುವ ಫ್ಲ್ಯಾಶ್‌ಓವರ್ ಆಗುತ್ತದೆ. ನೀರು ಬೀಳಬೇಕಾದದ್ದು ಅದಕ್ಕೂ ಬಹಳ ಮೊದಲು.

ನೀರಿನ ಲೆಕ್ಕವನ್ನು ನಮ್ಮೂರಿನ ಮನೆಗೇ ಹಾಕಿ ನೋಡೋಣ. ನಿಮಿಷಕ್ಕೆ ಲೀಟರಿನಲ್ಲಿ ಹರಿವು ಎಂದರೆ ತಲೆಯ ಕೆ-ಅಂಕವನ್ನು (ಅದರ ರಂಧ್ರ ಎಷ್ಟು ನೀರು ಬಿಡುತ್ತದೆ ಎಂದು ಹೇಳುವ ಸಂಖ್ಯೆ) ಬಾರ್‌ನಲ್ಲಿನ ಒತ್ತಡದ ವರ್ಗಮೂಲದಿಂದ ಗುಣಿಸಿದ್ದು. ಕೆ 70 ಇದ್ದು ಒತ್ತಡ 1 ಬಾರ್ ಇದ್ದರೆ ನಿಮಿಷಕ್ಕೆ 70 ಲೀಟರ್. ಎರಡು ತಲೆ, 10 ನಿಮಿಷ ಎಂದರೆ 1400 ಲೀಟರ್, ತಾರಸಿಯ ಸಾವಿರ ಲೀಟರಿನ ಟ್ಯಾಂಕಿಗೆ ಮೀರಿದ್ದು. ಅದಕ್ಕಿಂತ ದೊಡ್ಡ ತೊಡಕು ಒತ್ತಡದ್ದು: ತಲೆಗಿಂತ 3 ಮೀಟರ್ ಎತ್ತರದ ಟ್ಯಾಂಕು ಕೊಡುವುದು ಬರಿಯ 0.3 ಬಾರ್, ಹರಿವು 38 ಲೀಟರಿಗೆ ಇಳಿಯುತ್ತದೆ. ಎನ್‌ಎಫ್‌ಪಿಎ 13ಡಿ, ಅಂದರೆ ಮನೆಗಳಲ್ಲಿ ಸ್ಪ್ರಿಂಕ್ಲರ್ ಅಳವಡಿಸುವ ಅಮೆರಿಕದ ಮಾನಕ, ಕನಿಷ್ಠ ಸುಮಾರು 0.5 ಬಾರ್ ಕೇಳುತ್ತದೆ. ಪಂಪು ಬೇಕೇ ಬೇಕು. ತೀರ್ಥಹಳ್ಳಿ, ಹೊಸನಗರದ ಕಡೆ ಮಳೆಗಾಲದಲ್ಲಿ ಕರೆಂಟು ಹೋಗುವ ಪರಿ ಬಲ್ಲವರು ಅದಕ್ಕೆ ಬ್ಯಾಟರಿಯನ್ನೋ ಡೀಸೆಲ್ಲನ್ನೋ ಸೇರಿಸಿಯೇ ಲೆಕ್ಕ ಮಾಡಬೇಕು.

ಇನ್ನು ಚಾವಣಿ. ಪರೀಕ್ಷಾ ಕೋಣೆಯದು ಚಪ್ಪಟೆ, ಎತ್ತರ ಸುಮಾರು 2.4 ಮೀಟರ್. ನಮ್ಮ ಹೆಂಚಿನ ಮಾಡಿನ ಕೆಳಗೆ ಬಿಸಿಗಾಳಿ ಇಳಿಜಾರು ಹಿಡಿದು ಏರಿ ಮಾಡಿನ ನೆತ್ತಿಯಲ್ಲಿ ಕೂಡುತ್ತದೆ, ಒಂದಿಷ್ಟು ಸಂದುಗಳಲ್ಲಿ ಸೋರಿಯೂ ಹೋಗುತ್ತದೆ. ಕೆಳಗೆ ತೂಗಿದ ಬಲ್ಬ್ ತಡವಾಗಿ ಕಾಯುತ್ತದೆ. ಮರದ ಮುಚ್ಚಿಗೆ ಇರುವ ಕೋಣೆಯಲ್ಲಾದರೆ ಪರೀಕ್ಷೆಯ ಅಂಕಿಗಳು ಹೆಚ್ಚು ಹೊಂದಿಕೊಳ್ಳುತ್ತವೆ. ಆದರೆ ಮುಚ್ಚಿಗೆಯ ಮೇಲಿನ ಅಟ್ಟದಲ್ಲಿ ಒಣ ಅಡಕೆ ಹಾಳೆಯ ಕಟ್ಟುಗಳನ್ನು ಒಟ್ಟಿದ್ದರೆ, ಅಲ್ಲಿ ಹೊತ್ತಿದ ಬೆಂಕಿಯ ಬಿಸಿ ಕೆಳಗಿನ ತಲೆಗೆ ಮುಟ್ಟುವ ಹೊತ್ತಿಗೆ ಮುಚ್ಚಿಗೆಯೇ ಉರಿಯುತ್ತಿರುತ್ತದೆ.