ಕೆಪ್ಲರ್ ತಪ್ಪಾಗಿ ಬಿಡಿಸಿದ ಒಗಟಿನಿಂದ ಸ್ವಿಸ್ ಮತಪೆಟ್ಟಿಗೆಯವರೆಗೆ

1610ರ ಬೇಸಿಗೆಯಲ್ಲಿ ಗೆಲಿಲಿಯೊ ದೂರದರ್ಶಕವನ್ನು ಶನಿಯ ಕಡೆ ತಿರುಗಿಸಿದಾಗ, ಗ್ರಹದ ಎರಡೂ ಮಗ್ಗುಲಲ್ಲಿ ಏನೋ ಅಂಟಿಕೊಂಡಂತೆ ಕಂಡಿತು. ಹೇಳಿಬಿಟ್ಟರೆ ಬೇರೆಯವರು ಅದರ ಮೇಲೆ ಕೆಲಸ ಮಾಡಿ ಹೆಸರು ಗಿಟ್ಟಿಸಿಕೊಂಡಾರು. ಸುಮ್ಮನಿದ್ದರೆ ಇನ್ಯಾರೋ ಮೊದಲು ಕಂಡೆನೆಂದಾರು. ಅದಕ್ಕೆ ಅವನು ತನ್ನ ಲ್ಯಾಟಿನ್ ವಾಕ್ಯದ 37 ಅಕ್ಷರಗಳನ್ನು ಕಲಸಿ ಪ್ರಾಗ್‌ಗೆ ಕಳಿಸಿದ. 'ಅತಿ ಎತ್ತರದ ಗ್ರಹ ಮೂರಾಗಿರುವುದನ್ನು ಕಂಡೆ' ಎಂಬುದು ಒಳಗಿದ್ದ ಮಾತು. ಸಮಯ ಬಂದಾಗ ವಾಕ್ಯ ತೋರಿಸಿದರಾಯಿತು, ಅಕ್ಷರಗಳನ್ನು ಯಾರು ಬೇಕಾದರೂ ಎಣಿಸಿ ತಾಳೆ ನೋಡಬಹುದು.

ಪ್ರಾಗ್‌ನಲ್ಲಿದ್ದ ಕೆಪ್ಲರ್ ಕಾಯಲಿಲ್ಲ. ಅದೇ 37 ಅಕ್ಷರಗಳನ್ನು ಜೋಡಿಸಿ, 'ಮಂಗಳನ ಮಕ್ಕಳೇ, ಅವಳಿ ಸಂಗಾತಿಗಳೇ, ನಿಮಗೆ ವಂದನೆ' ಎಂಬರ್ಥದ ಒಂದು ಒರಟು ಸಾಲು ಮಾಡಿಕೊಂಡ. ಭೂಮಿಗೆ ಒಂದು ಚಂದ್ರ, ಗುರುವಿಗೆ ನಾಲ್ಕು, ಹಾಗಾದರೆ ನಡುವಿನ ಮಂಗಳಕ್ಕೆ ಎರಡಿರಬೇಕು ಎಂಬುದು ಅವನ ಲೆಕ್ಕ. ಮಂಗಳಕ್ಕೆ ನಿಜವಾಗಿಯೂ ಎರಡು ಚಂದ್ರರಿರುವುದು 1877ರಲ್ಲಿ ಗೊತ್ತಾಯಿತು ಎಂಬುದು ಬರೀ ಕಾಕತಾಳೀಯ.

ಈ ಕಥೆಯನ್ನು ಎಲ್ಲರೂ ತಮಾಷೆಗೆ ಹೇಳುತ್ತಾರೆ. ನನಗೆ ಅದರಲ್ಲಿ ಕಾಣುವುದು ಒಂದು ದೋಷ: ಒಂದೇ ಬೀಗ, ಎರಡು ವಾಕ್ಯಕ್ಕೆ ತೆರೆದುಕೊಂಡಿತು. ಕೆಪ್ಲರ್‌ಗೆ ಸಾಧ್ಯವಾದದ್ದು ಗೆಲಿಲಿಯೊಗೂ ಸಾಧ್ಯ. ಮಂಗಳದ ಚಂದ್ರರನ್ನು ಯಾರಾದರೂ ಮೊದಲೇ ಕಂಡಿದ್ದರೆ, 'ನಾನು ಬರೆದಿದ್ದೂ ಅದನ್ನೇ' ಎಂದು ಅವನು ಮಾತು ತಿರುಗಿಸಬಹುದಿತ್ತು. ಹುಕ್ ತನ್ನ ಸ್ಪ್ರಿಂಗ್ ನಿಯಮವನ್ನು 1676ರಲ್ಲಿ 14 ಅಕ್ಷರಗಳಲ್ಲಿ ಬಚ್ಚಿಟ್ಟು 1678ರಲ್ಲಿ ಬಿಚ್ಚಿದ. ಹೈಗನ್ಸ್, ನ್ಯೂಟನ್ ಕೂಡ ಇದೇ ದಾರಿ ಹಿಡಿದವರು. ಎಲ್ಲರದೂ ಇದೇ ಸಡಿಲ ಬೀಗ.

ಗೂಢಲಿಪಿಯವರು ಇಂದು ಕಮಿಟ್‌ಮೆಂಟ್ ಎನ್ನುವುದು ಇದನ್ನೇ. ಹುಣಸೆಬೀಜ ಮುಷ್ಟಿಯಲ್ಲಿ ಹಿಡಿದು 'ಸರಿಯೋ ಬೆಸವೋ' ಎಂದು ಕೇಳುವ ಆಟ ಆಡಿದವರಿಗೆ ಬೇರೆ ವಿವರಣೆ ಬೇಕಿಲ್ಲ. ಮುಷ್ಟಿಯೊಳಗಿನದು ಎದುರಿನವನಿಗೆ ಕಾಣಬಾರದು. ಅವನು ಹೇಳಿದ ಮೇಲೆ ಬೆರಳ ಸಂದಿಯಿಂದ ಒಂದು ಬೀಜ ಜಾರಿಸಲೂ ಬಾರದು. ಅಡಗಿಸುವುದು ಒಂದು, ಬದಲಾಗದಂತೆ ಕಟ್ಟಿಹಾಕುವುದು ಇನ್ನೊಂದು.

ಎದುರಿನವನು ಫೋನಿನ ಆ ಕಡೆ ಇದ್ದರೆ? ಗಣಕವಿಜ್ಞಾನಿ ಮ್ಯಾನ್ಯುಯೆಲ್ ಬ್ಲಮ್ 1981ರಲ್ಲಿ ಈ ಪ್ರಶ್ನೆ ಎತ್ತಿದರು. ಅವರ ಉದಾಹರಣೆಯಲ್ಲಿ ಆಲಿಸ್ ಮತ್ತು ಬಾಬ್ ಆಗಷ್ಟೇ ವಿಚ್ಛೇದನ ಪಡೆದವರು. ಬೇರೆ ಬೇರೆ ಊರಲ್ಲಿದ್ದಾರೆ, ಕಾರು ಯಾರಿಗೆ ಎಂದು ಫೋನಿನಲ್ಲೇ ನಾಣ್ಯ ಚಿಮ್ಮಿ ತೀರ್ಮಾನಿಸಬೇಕು. ಬ್ಲಮ್ ಅದಕ್ಕೆ ಸಂಖ್ಯಾ ಸಿದ್ಧಾಂತದ ದಾರಿ ತೋರಿಸಿದರು. ಇಂದು ಸುಲಭದ ದಾರಿ ಹ್ಯಾಶ್, ಅಂದರೆ ಯಾವ ಮಾತನ್ನಾದರೂ ಹಿಂದಕ್ಕೆ ಬಿಡಿಸಲಾಗದ ಒಂದು ಚಿಕ್ಕ ಗುರುತಾಗಿ ಬದಲಿಸುವ ಲೆಕ್ಕ: ಆಲಿಸ್ 'ಹೆಡ್' ಎಂಬ ಊಹೆಯ ಹ್ಯಾಶ್ ಕಳಿಸುತ್ತಾಳೆ, ಬಾಬ್ ನಾಣ್ಯ ಚಿಮ್ಮಿ ಬಿದ್ದದ್ದು ಹೇಳುತ್ತಾನೆ, ಆಮೇಲೆ ಅವಳು ಊಹೆ ಬಿಚ್ಚುತ್ತಾಳೆ. ಆದರೆ ಬರೀ 'ಹೆಡ್' ಅನ್ನು ಹ್ಯಾಶ್ ಮಾಡಿದರೆ ಬಾಬ್ 'ಹೆಡ್', 'ಟೇಲ್' ಎರಡನ್ನೂ ತಾನೇ ಹ್ಯಾಶ್ ಮಾಡಿ ಹೋಲಿಸಿಬಿಡುತ್ತಾನೆ. ಹಾಗಾಗಿ ಆಲಿಸ್ ಯಾರೂ ಊಹಿಸಲಾಗದ ಉದ್ದದ ಸಂಖ್ಯೆಯೊಂದನ್ನು ಅದಕ್ಕೆ ಬೆರೆಸಲೇಬೇಕು. ಇದನ್ನು ಮರೆತು ಬರೆದ ಕೋಡ್ ಇಂದಿಗೂ ಕಣ್ಣಿಗೆ ಬೀಳುತ್ತದೆ.

ಹ್ಯಾಶ್ ಹಳತಾದರೆ ಏನಾಗುತ್ತದೆ ಎಂಬುದನ್ನು 2007ರಲ್ಲಿ ಮಾರ್ಕ್ ಸ್ಟೀವನ್ಸ್, ಆರ್ಯೆನ್ ಲೆನ್‌ಸ್ಟ್ರಾ, ಬೆನ್ನೆ ಡಿ ವೆಗರ್ ತೋರಿಸಿದರು. 2008ರ ಅಮೆರಿಕ ಅಧ್ಯಕ್ಷ ಚುನಾವಣೆಯ ವಿಜೇತರು ಯಾರೆಂದು ತಮಗೆ ಗೊತ್ತು ಎಂದು ಎಂಡಿ5 ಎಂಬ ಹಳೆಯ ಬಗೆಯ ಹ್ಯಾಶ್ ಒಂದನ್ನು ಪ್ರಕಟಿಸಿದರು. ಗುಟ್ಟು ಏನೆಂದರೆ, ಬೇರೆ ಬೇರೆ ಹೆಸರಿನ 12 ಪಿಡಿಎಫ್‌ಗಳಿಗೂ ಅದೇ ಹ್ಯಾಶ್ ಬರುವಂತೆ ಪ್ಲೇಸ್ಟೇಷನ್ 3 ಎಂಬ ಒಂದು ಆಟದ ಯಂತ್ರದಲ್ಲಿ ಲೆಕ್ಕ ಹಾಕಿದ್ದರು. ಎಂಡಿ5 ನಂಬಬೇಡಿ ಎಂದು ಹೇಳಲೆಂದೇ ಮಾಡಿದ ಜ್ಯೋತಿಷ್ಯ ಅದು.

ಎರಡೂ ಗುಣ ಪೂರ್ತಿ ಗಟ್ಟಿಯಾಗಿರುವ ಬೀಗ ಮಾಡಬಾರದೇಕೆ? ಆಗದು. ಎಷ್ಟೇ ದೊಡ್ಡ ಕಂಪ್ಯೂಟರಿಗೂ ಒಳಗಿನದು ತಿಳಿಯಬಾರದೆಂದರೆ, ಅದೇ ಬೀಗಕ್ಕೆ ಬೇರೆ ಉತ್ತರದ ಕೀಲಿಯೂ ಎಲ್ಲೋ ಇರಲೇಬೇಕು. ಇಲ್ಲದಿದ್ದರೆ ಆ ಕಂಪ್ಯೂಟರ್ ಒಂದೊಂದೇ ಕೀಲಿ ಹಾಕಿ ನೋಡಿ ನಿಜವನ್ನು ಪತ್ತೆ ಹಚ್ಚೀತು. ಇನ್ನೊಂದು ಕೀಲಿ ಇದ್ದ ಮೇಲೆ, ಬೀಗ ಹಾಕಿದವನಿಗೆ ಅದು ಸಿಗದಿರಲಿ ಎಂದಷ್ಟೇ ಆಶಿಸಬಹುದು. ಕ್ವಾಂಟಂ ಭೌತಶಾಸ್ತ್ರ ಇದಕ್ಕೊಂದು ದಾರಿ ಕೊಟ್ಟೀತೆಂಬ ಆಸೆಯೂ 1997ರಲ್ಲಿ ಮೇಯರ್ಸ್ ಹಾಗೂ ಲೋ ಮತ್ತು ಚೌ ಅದು ಆಗದೆಂದು ಪ್ರಕಟಿಸಿದ ಪುರಾವೆಗಳಿಂದ ಮುಗಿಯಿತು.

1991ರಲ್ಲಿ ಪೆಡರ್‌ಸನ್ ಕೊಟ್ಟ ವಿಧಾನದಲ್ಲಿ ಇದನ್ನು ಕೈಯಲ್ಲೇ ಲೆಕ್ಕ ಮಾಡಿ ನೋಡಬಹುದು. 2 ಮತ್ತು 3 ಎಂಬ ಎರಡು ಸಂಖ್ಯೆ ತೆಗೆದುಕೊಳ್ಳಿ. ಎಲ್ಲ ಗುಣಾಕಾರದ ಕೊನೆಗೆ 23ರಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಬೇಕು. ನನ್ನ ಗುಟ್ಟು 5, ಬೆರೆಸಿದ ಸಂಖ್ಯೆ 4. 2ರ ಐದನೇ ಘಾತವನ್ನು 3ರ ನಾಲ್ಕನೇ ಘಾತದಿಂದ ಗುಣಿಸಿದರೆ 2592, ಶೇಷ 16. ಆ 16ನ್ನು ನಿಮಗೆ ಕೊಡುತ್ತೇನೆ. ಈಗ ನನಗೊಂದು ಒಳಸುಳಿವು ಗೊತ್ತಿದೆ ಅನ್ನಿ: 2ರ ಎಂಟನೇ ಘಾತ 256, ಅದರ ಶೇಷ 3. ಅಂದರೆ ಆ 3 ವೇಷ ಮರೆಸಿಕೊಂಡ 2. ಇಷ್ಟು ಗೊತ್ತಿದ್ದರೆ ಗುಟ್ಟು 7, ಬೆರೆಸಿದ್ದು 1 ಎಂದು ಹೇಳಬಲ್ಲೆ. 128ನ್ನು 3ರಿಂದ ಗುಣಿಸಿ: 384, ಶೇಷ ಮತ್ತೆ 16. ಐದು ಏಳಾಯಿತು, ನೀವು ತಾಳೆ ನೋಡಿದರೂ ಸರಿಯಾಗಿಯೇ ಕಾಣುತ್ತದೆ. ನಿಜವಾದ ಬಳಕೆಯಲ್ಲಿ 23ರ ಜಾಗದಲ್ಲಿ 600ಕ್ಕೂ ಹೆಚ್ಚು ಅಂಕಿಗಳ ಸಂಖ್ಯೆ ಇರಬಹುದು, ಆಗ ಆ 8ನ್ನು ಹುಡುಕಿ ತೆಗೆಯುವುದು ಆಗದ ಮಾತು. ಆದರೆ 3ನ್ನು ಆರಿಸಿದವನೇ ಅದನ್ನು 2ರಿಂದ ತಯಾರಿಸಿದ್ದರೆ, ಅವನು ಹುಡುಕಬೇಕಾದ್ದೇ ಇಲ್ಲ.

2019ರ ಮಾರ್ಚ್‌ನಲ್ಲಿ ಸ್ವಿಸ್ ಪೋಸ್ಟ್‌ನ ಆನ್‌ಲೈನ್ ಮತದಾನ ವ್ಯವಸ್ಥೆಯಲ್ಲಿ ಸಿಕ್ಕಿದ್ದು ಇದೇ. ಯಾರ ಮತ ಯಾವುದೆಂದು ತಿಳಿಯದಂತೆ ಮತಗಳನ್ನು ಕಲಸುವ ಸರ್ವರ್, ತಾನು ಯಾವ ಮತವನ್ನೂ ಬದಲಿಸಿಲ್ಲ ಎಂಬ ಪುರಾವೆ ಕೊಡಬೇಕಿತ್ತು. ಆ ಪುರಾವೆ ನಿಂತಿದ್ದು ಪೆಡರ್‌ಸನ್ ಬಗೆಯ ಕಮಿಟ್‌ಮೆಂಟ್ ಮೇಲೆ. ಅದರ ಮೂಲ ಸಂಖ್ಯೆಗಳು ಪ್ರಾಮಾಣಿಕವಾಗಿ ಹುಟ್ಟಿದವು ಎಂದು ಹೊರಗಿನವರು ಪರೀಕ್ಷಿಸುವ ದಾರಿಯೇ ಇರಲಿಲ್ಲ. ಸಾರಾ ಜೇಮಿ ಲೂಯಿಸ್, ಒಲಿವಿಯೆ ಪೆರೇರಾ, ವನೆಸ್ಸಾ ಟೀಗ್ ಅದನ್ನು ಎತ್ತಿ ತೋರಿಸಿದರು. ಯಾರೋ ಮತ ತಿದ್ದಿದರು ಎಂದಲ್ಲ, ತಿದ್ದಿದ್ದರೂ ಗೊತ್ತಾಗುತ್ತಿರಲಿಲ್ಲ ಎಂಬುದು ಅವರ ತಕರಾರು. ಆ ವ್ಯವಸ್ಥೆಯನ್ನು ಅದೇ ವರ್ಷ ಕೈಬಿಡಲಾಯಿತು. ಹೊಸದು 2023ರಲ್ಲಿ ಮೂರು ಕ್ಯಾಂಟನ್‌ಗಳಲ್ಲಿ (ಅಲ್ಲಿನ ರಾಜ್ಯಗಳಲ್ಲಿ) ಬಳಕೆಗೆ ಬಂತು.

ಪೆಡರ್‌ಸನ್ ವಿಧಾನಕ್ಕೆ ಮದ್ದು ಸುಲಭ: ಮೂಲ ಸಂಖ್ಯೆಗಳನ್ನು ಎಲ್ಲರಿಗೂ ಗೊತ್ತಿರುವ ಒಂದು ಪದದ ಹ್ಯಾಶ್‌ನಿಂದ ಹುಟ್ಟಿಸಿದರೆ ಯಾರು ಬೇಕಾದರೂ ಮರುಲೆಕ್ಕ ಹಾಕಬಹುದು. 2010ರಲ್ಲಿ ಕಾಟೆ, ಜವೆರುಚಾ, ಗೋಲ್ಡ್‌ಬರ್ಗ್ ಕೊಟ್ಟ ಇನ್ನೊಂದು ಕಮಿಟ್‌ಮೆಂಟ್ ವಿಧಾನದಲ್ಲಿ ಅದೂ ಸಾಧ್ಯವಿಲ್ಲ. ಅಲ್ಲಿ ಆರಂಭಕ್ಕೆ ಒಂದು ಗುಪ್ತ ಸಂಖ್ಯೆ ಬೇಕೇ ಬೇಕು, ಅದು ಗೊತ್ತಿದ್ದವನು ಯಾವ ಬೀಗವನ್ನೂ ಹೇಗೆ ಬೇಕಾದರೂ ತೆರೆಯಬಲ್ಲ. ಆ ವಿಧಾನ ಬಳಸಲು ಹೊರಟ ಇಥೀರಿಯಂ ಎಂಬ ಬ್ಲಾಕ್‌ಚೈನ್ ಜಾಲದವರು 2023ರಲ್ಲಿ ಆ ಗುಪ್ತ ಸಂಖ್ಯೆಯನ್ನು ಒಬ್ಬರ ಕೈಗೂ ಕೊಡದೆ 1,40,000ಕ್ಕೂ ಹೆಚ್ಚು ಪಾಲುಗಳಿಂದ ಕಟ್ಟಿದರು. ಒಬ್ಬೊಬ್ಬರೂ ತಮ್ಮ ಪಾಲಿನ ಗುಟ್ಟು ಬೆರೆಸಿ ಅದನ್ನು ಅಳಿಸಬೇಕು. ಅಷ್ಟು ಮಂದಿಯಲ್ಲಿ ಒಬ್ಬರು ನಿಜವಾಗಿ ಅಳಿಸಿದ್ದರೂ ಸಾಕು, ಉಳಿದವರೆಲ್ಲ ಸೇರಿದರೂ ಆ ಸಂಖ್ಯೆ ಸಿಗದು.